ಕೈಯಿಂದ ದುಡ್ಡು ಹಾಕದೆ ಹೊರದೇಶದಲ್ಲಿ ಪಿಜಿ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಪಿಜಿ ಓದಬೇಕು, ಆದರೆ ಮನೆಯಲ್ಲಿ ಅಷ್ಟು ದುಡ್ಡಿಲ್ಲ ಅನ್ನುವವರು ಈ ಗುಂಪಿನಲ್ಲಿ ಜಾಸ್ತಿ ಇದ್ದಾರೆ. ಅದಕ್ಕೆ ಮಡಿಕೇರಿಯ ಮೇಡಂ ಅವರನ್ನು ಕೇಳಿಕೊಂಡಿದ್ದೇವೆ. ಸ್ಕಾಲರ್‌ಶಿಪ್ ಅರ್ಜಿ ನೋಡಿ ತಿದ್ದಿಕೊಡುವುದೇ ಅವರ ಕೆಲಸ. ಶನಿವಾರ, ಭಾನುವಾರ ಇಲ್ಲೇ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೊ ಬೇಡ.

ಸೋಮವಾರಪೇಟೆ ಬಿಕಾಂ: ಮೇಡಂ, ಈ ವರ್ಷ ಬಿಕಾಂ ಮುಗಿಯಿತು. ಯಾವುದಕ್ಕೆಲ್ಲ ಅರ್ಜಿ ಹಾಕಬಹುದು?

ಮೇಡಂ: ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂಗೆ ಮೂರು ವರ್ಷದ ಅನುಭವ. ಅದಕ್ಕೆ ಡಿಗ್ರಿಯೂ ನಾಲ್ಕು ವರ್ಷದ್ದಾಗಿರಬೇಕು. ಮೂರು ವರ್ಷದ ಡಿಗ್ರಿ ಆದರೆ ಇಲ್ಲೇ ಒಂದು ಪಿಜಿ ಮುಗಿಸಿರಬೇಕು. ಜರ್ಮನಿಯ ಡಿಎಎಡಿ ಸಂಸ್ಥೆ ಕೊಡುವ ಇಪಿಒಎಸ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ ಅನುಭವ. ಈಗಷ್ಟೇ ಓದು ಮುಗಿಸಿದವರು ನೋಡಬೇಕಾದದ್ದು ಯುರೋಪಿನ ಎರಾಸ್ಮಸ್ ಮುಂಡಸ್ ಮತ್ತು ಹಂಗೆರಿ ಸರ್ಕಾರದ ಸ್ಟೈಪೆಂಡಿಯಂ ಹಂಗೆರಿಕಂ. ಎರಡನೆಯದಕ್ಕೆ ಇಲ್ಲಿನ ಶಿಕ್ಷಣ ಸಚಿವಾಲಯದ ಕಡೆಯಿಂದಲೂ ಹೆಸರು ಹೋಗಬೇಕು. ಅಲ್ಲಿ ಅರ್ಜಿ ಹಾಕಿ ಇಲ್ಲಿ ಮರೆತವರು ತುಂಬಾ ಜನ.

ಗೋಣಿಕೊಪ್ಪ: ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬೇಕೇ ಬೇಕಾ ಮೇಡಂ?

ಮೇಡಂ: ಬೇಕು ಅಂದುಕೊಂಡೇ ತಯಾರಾಗಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ ಎಂದು ಕಾಲೇಜು ಕೊಡುವ ಪತ್ರವನ್ನು ಕೆಲವು ಯೂನಿವರ್ಸಿಟಿಗಳು ಒಪ್ಪುತ್ತವೆ. ಎಲ್ಲವೂ ಅಲ್ಲ. ಒಮ್ಮೆ ಬರೆದರೆ ಅಂಕ ಎರಡು ವರ್ಷ ನಡೆಯುತ್ತದೆ.

ವಿರಾಜಪೇಟೆ ಅಂಕಲ್: ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ. "ಕೆನಡಾ ಸರ್ಕಾರದ ಉಚಿತ ಸ್ಕಾಲರ್‌ಶಿಪ್. ಐಇಎಲ್‌ಟಿಎಸ್ ಬೇಡ, ವಯಸ್ಸಿನ ಮಿತಿ ಇಲ್ಲ, ವೀಸಾ ಗ್ಯಾರಂಟಿ. ಕೆಳಗಿನ ಲಿಂಕ್ ಒತ್ತಿ ಆಧಾರ್ ನಂಬರ್ ಹಾಕಿ. 10 ಗುಂಪಿಗೆ ಕಳಿಸಿದರೆ ಫಾರ್ಮ್ ತೆರೆಯುತ್ತದೆ." ಮಕ್ಕಳಿಗೆ ಉಪಯೋಗ ಆಗಲಿ.

ಮೇಡಂ: ಯಾವ ದೇಶದ ಸರ್ಕಾರವೂ ವಾಟ್ಸಾಪ್‌ನಲ್ಲಿ 10 ಗುಂಪಿಗೆ ಕಳಿಸಿ ಅನ್ನುವುದಿಲ್ಲ. ಲಿಂಕ್ ಯಾರೂ ಒತ್ತಬೇಡಿ. ಆಧಾರ್ ಹಾಕಿದವರಿದ್ದರೆ ಬ್ಯಾಂಕ್ ಖಾತೆ ಮೇಲೆ ಕಣ್ಣಿಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವಿರಾಜಪೇಟೆ ಅಂಕಲ್: ಒಳ್ಳೆಯದಕ್ಕೆ ಹಾಕಿದೆ ಮೇಡಂ.

ಶನಿವಾರಸಂತೆ: ಮೇಡಂ, ಡಿಗ್ರಿಯಲ್ಲಿ ಎರಡು ಸಬ್ಜೆಕ್ಟ್ ಬಾಕಿ ಉಳಿದು ಆಮೇಲೆ ಪಾಸಾದೆ. ಅದು ಅರ್ಜಿಗೆ ತೊಂದರೆ ಆಗುತ್ತಾ?

ಮಾದಾಪುರ ತೋಟ: ಮೇಡಂ, ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾನೆ. ಒಬ್ಬ ಏಜೆಂಟರು ಜರ್ಮನಿಯಲ್ಲಿ ಫುಲ್ ಸ್ಕಾಲರ್‌ಶಿಪ್ ಮಾಡಿಸಿದ್ದೇವೆ ಎಂದು ಪತ್ರ ಕೊಟ್ಟಿದ್ದಾರೆ. 80 ಸಾವಿರ ಕೊಟ್ಟಾಗಿದೆ. ಈಗ ಸೀಟು ಹಿಡಿಯಲು ಸೋಮವಾರದ ಒಳಗೆ 3 ಲಕ್ಷ ಕಟ್ಟಿ ಅನ್ನುತ್ತಾರೆ. ಅದಲ್ಲದೆ ಬ್ಲಾಕ್ಡ್ ಅಕೌಂಟ್‌ಗೆ 12 ಲಕ್ಷ ಬೇಕಂತೆ. ನಮ್ಮದು ಜಮ್ಮಾ ತೋಟ, ಅಂದರೆ ಇಡೀ ಕುಟುಂಬಕ್ಕೆ ಸೇರಿದ್ದು. ಆರ್‌ಟಿಸಿ ಕುಟುಂಬದ ಹಿರಿಯ, ಪಟ್ಟೇದಾರರಾದ ದೊಡ್ಡಪ್ಪನ ಹೆಸರಿನಲ್ಲಿದೆ, ಬ್ಯಾಂಕಿನವರು ಸಾಲ ಕೊಡುತ್ತಿಲ್ಲ. ಖಾಸಗಿಯವರ ಹತ್ತಿರ ಮಾತಾಡಿದ್ದೇನೆ. ಈ ಬ್ಲಾಕ್ಡ್ ಅಕೌಂಟ್ ದುಡ್ಡು ವಾಪಸ್ ಬರುತ್ತದೆ ಅಲ್ವಾ?

ಮೇಡಂ: ಅಣ್ಣ, ಸೋಮವಾರ ದುಡ್ಡು ಕಟ್ಟಬೇಡಿ. ಸಾಲದ ಕಾಗದಕ್ಕೂ ಸಹಿ ಹಾಕಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ, ಮಗನಿಗೂ ಓದಿಸಿ.

ಬ್ಲಾಕ್ಡ್ ಅಕೌಂಟ್ ಅಂದರೆ, ಜರ್ಮನಿಯಲ್ಲಿ ಒಂದು ವರ್ಷದ ಊಟ, ಬಾಡಿಗೆಗೆ ನಿಮ್ಮ ಹತ್ತಿರ ದುಡ್ಡಿದೆ ಎಂದು ವೀಸಾಕ್ಕೆ ತೋರಿಸುವ ಖಾತೆ. 11,904 ಯೂರೊ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊ ಮಗನ ಕೈಗೆ ಬರುತ್ತದೆ, ಅಲ್ಲೇ ಖರ್ಚಾಗುತ್ತದೆ. ನಿಮಗೆ ವಾಪಸ್ ಬರುವ ದುಡ್ಡಲ್ಲ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದ್ದರೆ ಈ ಖರ್ಚನ್ನು ಅವರೇ ಕೊಡುತ್ತಾರೆ. ವೀಸಾಕ್ಕೆ ಅವರ ಪತ್ರವೇ ಸಾಕಾಗುತ್ತದೆ. ನಿಮ್ಮಿಂದ 12 ಲಕ್ಷ ಕೇಳುತ್ತಿದ್ದಾರೆ ಅಂದರೆ ಮಗನಿಗೆ ಸ್ಕಾಲರ್‌ಶಿಪ್ ಸಿಕ್ಕಿಲ್ಲ. ಅಷ್ಟೇ.

ಹಾಗಾದರೆ ಸಿಕ್ಕಿದ್ದೇನು? ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಮಾಸ್ಟರ್ಸ್ ಕೋರ್ಸ್‌ಗಳಿಗೆ ಯಾರಿಗೂ ಟ್ಯೂಷನ್ ಫೀ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತಾರೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಫೀ ಇದೆ. ಎಲ್ಲರಿಗೂ ಸುಮ್ನೆ ಸಿಗುವುದನ್ನೇ ಸ್ಕಾಲರ್‌ಶಿಪ್ ಎಂದು ನಿಮಗೆ ಮಾರಿರಬಹುದು. ಇಲ್ಲವೇ ಖಾಸಗಿ ಕಾಲೇಜಿನ ದೊಡ್ಡ ಫೀಯಲ್ಲಿ ಸ್ವಲ್ಪ ಕಡಿಮೆ ಮಾಡಿ ಅದಕ್ಕೆ ಆ ಹೆಸರಿಟ್ಟಿರಬಹುದು. ಸೀಟು ಹಿಡಿಯಲು 3 ಲಕ್ಷ ಅಂದದ್ದು ನೋಡಿದರೆ ನನಗೆ ಎರಡನೆಯದರ ಮೇಲೇ ಅನುಮಾನ.

80 ಸಾವಿರಕ್ಕೆ ಲೆಕ್ಕ ಕೇಳಿ. ನಮ್ಮ ಅಂಕಪಟ್ಟಿ ಅಸಲಿಯೇ ಎಂದು ನೋಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಜರ್ಮನ್ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ನೋಡುವ ಯೂನಿ-ಅಸಿಸ್ಟ್ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75 ಯೂರೊ, ಆಮೇಲೆ ಒಂದೊಂದಕ್ಕೆ 30. ಇವುಗಳ ರಸೀದಿ ಮಗನ ಹೆಸರಿನಲ್ಲಿ ಇರಲೇಬೇಕು. ಇಲ್ಲ ಅಂದರೆ ಕಟ್ಟಿಲ್ಲ ಎಂದೇ ಅರ್ಥ.

ಇನ್ನೆರಡು ಹೇಳಿ. ಅಸಲಿ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಅರ್ಜಿಯಲ್ಲಿ ಹಾಕಿರುವ ಇಮೇಲ್ ಮಗನದೋ, ಏಜೆಂಟರು ತೆರೆದದ್ದೋ? ಪತ್ರದಲ್ಲಿ ಕಾಲೇಜಿನ ಹೆಸರು, ಫೀ ಏನಿದೆ ನೋಡಿ ಬರೆಯಿರಿ. ಫೋನ್ ನಂಬರ್ ಮುಚ್ಚಿ ಫೋಟೊ ಹಾಕಿದರೂ ಸರಿ.

ಮೂರ್ನಾಡು: ಜಮ್ಮಾ ತೋಟದ ಮೇಲೂ ಸಾಲ ಸಿಗುತ್ತದೆ. ಕುಟುಂಬದವರೆಲ್ಲ ಒಪ್ಪಿಗೆ ಪತ್ರ ಕೊಡಬೇಕು ಅಷ್ಟೇ.

ಕಡಗದಾಳು: ಎಲ್ಲರೂ ಸಹಿ ಹಾಕುವ ಕುಟುಂಬ ಯಾವುದು ತೋರಿಸಿ ಅಣ್ಣ. ನಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲಿ, ಇನ್ನರ್ಧ ಮಾತು ಬಿಟ್ಟಿದ್ದಾರೆ.

ಮೂರ್ನಾಡು: ಅದು ನಿಮ್ಮ ಮನೆ ವಿಷಯ.

ಅಡ್ಮಿನ್: ಜಮ್ಮಾ ವಿಷಯ ಇನ್ನೊಂದು ದಿನ.

ಕುಶಾಲನಗರ ನರ್ಸ್: ಜಿಎನ್‌ಎಂ ಮಾಡಿ ಏಳು ವರ್ಷ ಕೆಲಸ ಆಗಿದೆ. ಚೀವ್ನಿಂಗ್‌ಗೆ ಹಾಕಬಹುದಾ?

ಮೇಡಂ: ಜಿಎನ್‌ಎಂ ಡಿಪ್ಲೊಮಾ. ಮಾಸ್ಟರ್ಸ್‌ಗೆ ಡಿಗ್ರಿ ಬೇಕು. ಮೊದಲು ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ.

ನಾಪೋಕ್ಲು: ಎಸ್‌ಎಸ್‌ಎಲ್‌ಸಿಯಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಇದೆ. ತೊಂದರೆ ಆಗುತ್ತಾ?

ಮೇಡಂ: ಕೊಡಗಿನವರು ಎಲ್ಲರೂ ಕೇಳುವ ಪ್ರಶ್ನೆ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಒಂದು ಮಾಡಿಸಿ ಇಟ್ಟುಕೊಳ್ಳಿ.

ಮಡಿಕೇರಿ ಬಿಎಸ್ಸಿ: ಎಲ್ಲ ಸೆಮಿಸ್ಟರ್‌ನ ಅಂಕ ಇರುವ ಟ್ರಾನ್‌ಸ್ಕ್ರಿಪ್ಟ್ ಎಲ್ಲಿ ಸಿಗುತ್ತದೆ? ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದಲ್ಲಾ?

ಮೇಡಂ: ಅಂಕಪಟ್ಟಿ ಮೇಲೆ ಯಾವ ಯೂನಿವರ್ಸಿಟಿ ಹೆಸರಿದೆಯೋ ಅಲ್ಲಿ. ಕೊಡಗು ವಿಶ್ವವಿದ್ಯಾಲಯ ಬರುವ ಮೊದಲು ಓದಿದವರು ಮಂಗಳೂರು ವಿಶ್ವವಿದ್ಯಾಲಯ ಇರುವ ಮಂಗಳಗಂಗೋತ್ರಿಗೇ ಹೋಗಬೇಕು. ಬೇಗ ಹೋಗಿ.

ಪೊನ್ನಂಪೇಟೆ ಫಾರೆಸ್ಟ್ರಿ: ಅಕ್ಕ, ಬಿಎಸ್ಸಿ ಫಾರೆಸ್ಟ್ರಿ ಮುಗಿಸಿದ್ದೇನೆ. ಆನೆ ಬಂದಿರುವ ಜಾಗವನ್ನು ತೋಟದ ಕೆಲಸದವರಿಗೆ ಮೆಸೇಜ್ ಮಾಡಿ ತಿಳಿಸುವ ಒಂದು ಯೋಜನೆಯಲ್ಲಿ ಒಂದೂವರೆ ವರ್ಷದಿಂದ ಇದ್ದೇನೆ. ಅರ್ಜಿಯ ಪ್ರಬಂಧ ಹೀಗೆ ಶುರು ಮಾಡಿದ್ದೇನೆ: "ಕಾವೇರಿಯ ಮಡಿಲಲ್ಲಿ ಬೆಳೆದ ನನಗೆ ಬಾಲ್ಯದಿಂದಲೂ ಪ್ರಕೃತಿಯೆಂದರೆ ಪ್ರಾಣ." ಹೇಗಿದೆ?

ಮೇಡಂ: ಆ ಸಾಲು ತೆಗೆದುಹಾಕು ತಂಗಿ. ಮದುವೆ ಕಾಗದದ ಒಕ್ಕಣೆಯ ಹಾಗೆ ಯಾರ ಹೆಸರು ಹಾಕಿದರೂ ನಡೆಯುತ್ತದೆ.

ನಿನ್ನದು ಗಟ್ಟಿ ಅರ್ಜಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಿನ್ನ ಡಿಗ್ರಿ ನಾಲ್ಕು ವರ್ಷದ್ದು, ಹಾಗಾಗಿ ಡಿಗ್ರಿಯ ಅವಧಿಯ ಚಿಂತೆ ಇಲ್ಲ. ಎರಾಸ್ಮಸ್‌ಗೆ ಈ ವರ್ಷವೇ ಹಾಕು. ತಿಂಗಳಿಗೆ 1,400 ಯೂರೊ, ಹೆಚ್ಚೆಂದರೆ 24 ತಿಂಗಳು, ಫೀ ಇಲ್ಲ, ಕನಿಷ್ಠ ಎರಡು ದೇಶದಲ್ಲಿ ಓದು. ಒಂದೊಂದು ಕೋರ್ಸ್‌ಗೆ ಬೇರೆ ಬೇರೆ ಅರ್ಜಿ. ಹೆಚ್ಚಿನವು ಅಕ್ಟೋಬರ್‌ನಿಂದ ಜನವರಿ ಒಳಗೆ ಮುಗಿಯುತ್ತವೆ. ಪುತ್ತರಿ ಹಬ್ಬ ಆಗಲಿ ಆಮೇಲೆ ನೋಡೋಣ ಅಂದರೆ ಕೆಲವು ಹೋಗಿಯೇ ಬಿಟ್ಟಿರುತ್ತವೆ. ಎರಡು ವರ್ಷ ಅನುಭವ ತುಂಬಿದ ಮೇಲೆ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಉಷ್ಣವಲಯದ ಅರಣ್ಯಶಾಸ್ತ್ರ ನೋಡು. ಡಿಎಎಡಿ ಪಟ್ಟಿಯಲ್ಲಿ ಬಂದಿರುವ ಕೋರ್ಸ್ ಅದು. ಈ ಸಲದ ಪಟ್ಟಿ ಒಮ್ಮೆ ನೋಡಿಕೋ. ಡಿಗ್ರಿ ಮುಗಿದು ಆರು ವರ್ಷ ದಾಟಿರಬಾರದು ಎಂಬುದು ಅವರ ಸಾಮಾನ್ಯ ನಿಯಮ. ನಿನಗೆ ಸಮಯ ಇದೆ.

ಈಗ ಪ್ರಬಂಧ. ಆನೆ ತೋಟಕ್ಕೆ ಯಾಕೆ ಬರುತ್ತದೆ ಎಂದು ನಿನಗೆ ಗೊತ್ತು. ಹಲಸು, ಕೆರೆಯ ನೀರು, ಹಗಲಲ್ಲಿ ನಿಲ್ಲಲು ನೆರಳು. ಸೋಲಾರ್ ಬೇಲಿ ಎಲ್ಲಿ ಕೆಲಸ ಮಾಡಿತು, ರೈಲು ಹಳಿಯ ಬ್ಯಾರಿಕೇಡ್ ಹಾಕಿದ ಮೇಲೆ ಆನೆಗಳು ಎಲ್ಲಿಂದ ಬಂದವು ಎಂದು ನೀನು ನೋಡಿದ್ದೀಯ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ ತೋಟಕ್ಕೂ ಹಳೇ ನೆರಳಿನ ತೋಟಕ್ಕೂ ಏನು ವ್ಯತ್ಯಾಸ ಕಂಡಿತು? ಮೆಸೇಜ್ ಹೋದರೂ ಜನ ಬೆಳಿಗ್ಗೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದದ್ದು ಯಾಕೆ? ಓದಲು ಬರುವುದಿಲ್ಲವೋ, ಫೋನ್ ಮನೆಯಲ್ಲಿ ಒಂದೇ ಇದೆಯೋ, ಆ ದಿನದ ಕೂಲಿ ಹೋಗುತ್ತದೆ ಎಂಬ ಭಯವೋ? ಇಲ್ಲಿಂದ ಶುರು ಮಾಡು. ನಿನಗೆ ಉತ್ತರ ಸಿಗದೆ ನಿಂತ ಪ್ರಶ್ನೆ ಯಾವುದು, ಅದಕ್ಕೆ ಈ ಕೋರ್ಸಿನ ಯಾವ ಪಾಠ ಬೇಕು ಎಂದು ಬರೆ. ಆ ಕೋರ್ಸಿನ ಪಾಠಪಟ್ಟಿ ಓದದೆ ಬರೆದದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಶಿಫಾರಸು ಪತ್ರವನ್ನು ನೀನೇ ಬರೆದು ತಾ, ಸಹಿ ಹಾಕುತ್ತೇನೆ ಎನ್ನುವ ಪ್ರೊಫೆಸರ್ ಬೇಡ. ಯೋಜನೆಯಲ್ಲಿ ನಿನ್ನ ಜೊತೆ ತೋಟ ಸುತ್ತಿದವರನ್ನು ಕೇಳು. ಅವರ ಕಚೇರಿ ಇಮೇಲ್‌ನಿಂದಲೇ ಹೋಗಬೇಕು.

ಪೊನ್ನಂಪೇಟೆ ಫಾರೆಸ್ಟ್ರಿ: ಕೂಲಿ ಅಕ್ಕ. ಅದೇ ಕಾರಣ. ಥ್ಯಾಂಕ್ಸ್, ಮತ್ತೆ ಬರೆಯುತ್ತೇನೆ.

ವಿರಾಜಪೇಟೆ ಅಂಕಲ್: ಎಲ್ಲ ಸರಿ. ಹೋದವರು ಯಾರು ವಾಪಸ್ ಬಂದಿದ್ದಾರೆ? ಊರಲ್ಲಿ ಮುದುಕರು, ನಾಯಿ ಮಾತ್ರ ಉಳಿದಿದ್ದೇವೆ. ತೋಟ ನೋಡುವವರಿಲ್ಲ.

ಪೊನ್ನಂಪೇಟೆ ಫಾರೆಸ್ಟ್ರಿ: ಅಂಕಲ್, ನಿಮ್ಮ ಮಗ ಎಲ್ಲಿದ್ದಾರೆ?

ವಿರಾಜಪೇಟೆ ಅಂಕಲ್: ಅವನು ದುಬೈ. ಅದು ಬೇರೆ.

ಮೂರ್ನಾಡು: ಹೇಗೆ ಬೇರೆ?

ಮೇಡಂ: ಚೀವ್ನಿಂಗ್ ಸಿಕ್ಕವರು ಓದು ಮುಗಿಸಿ ಎರಡು ವರ್ಷ ತಮ್ಮ ದೇಶದಲ್ಲಿ ಇರಲೇಬೇಕು. ಫುಲ್‌ಬ್ರೈಟ್‌ನವರಿಗೂ ಎರಡು ವರ್ಷದ ಷರತ್ತಿದೆ. ತೋಟ ನೋಡಿಕೊಳ್ಳಬೇಕು ಎಂಬ ಷರತ್ತು ಎಲ್ಲೂ ಇಲ್ಲ. ಮುಂದಿನ ಪ್ರಶ್ನೆ.

ತಿತಿಮತಿ ಮೇಷ್ಟ್ರು: ಮೇಡಂ, ನಮ್ಮ ಕಡೆಯ ಬುಡಕಟ್ಟು ಹಾಡಿಯ ಒಬ್ಬ ಜೇನು ಕುರುಬ ಹುಡುಗಿ ಡಿಗ್ರಿ ಮುಗಿಸಿದ್ದಾಳೆ. ಓದಿನಲ್ಲಿ ಚುರುಕು. ಇಂಥವರಿಗೆ ಏನಾದರೂ ಇದೆಯಾ?

ಮೇಡಂ: ಇದೆ ಸರ್. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಪರಿಶಿಷ್ಟ ಪಂಗಡದವರಿಗೆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಕೊಡುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 20. ಅದರಲ್ಲಿ 3 ಜೇನು ಕುರುಬ, ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗೇ ಮೀಸಲು. ಮನೆಯ ಆದಾಯ ವರ್ಷಕ್ಕೆ 6 ಲಕ್ಷದ ಒಳಗಿರಬೇಕು, ವಯಸ್ಸು 35ರ ಒಳಗೆ. ಪರಿಶಿಷ್ಟ ಜಾತಿಯವರ ಯೋಜನೆ ಬೇರೆ, ಅದು ಸಾಮಾಜಿಕ ನ್ಯಾಯ ಸಚಿವಾಲಯದ್ದು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಕೇಳಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ಅವಳನ್ನೇ ನನಗೆ ನೇರ ಮೆಸೇಜ್ ಮಾಡಲು ಹೇಳಿ. ಪ್ರಬಂಧಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಕಡಗದಾಳು: ಅವರಿಗಾದರೆ ಎಲ್ಲ ಇದೆ. ನಮ್ಮ ಮಕ್ಕಳಿಗೆ ಏನಿದೆ?

ತಿತಿಮತಿ ಮೇಷ್ಟ್ರು: ಎಲ್ಲ ಅಂದರೆ ಇಡೀ ದೇಶಕ್ಕೆ ಮೂರು ಸರ್. ಹಾಡಿಗೆ ಒಂದು ದಿನ ಬನ್ನಿ, ಕರೆಂಟ್ ಇದೆಯಾ ನೋಡಿ ಹೋಗಿ.

ಕಡಗದಾಳು: ನಾನು ಯಾರಿಗೂ ಬೈದಿಲ್ಲ. ಪ್ರಶ್ನೆ ಕೇಳಿದೆ.

ಮೇಡಂ: ಮೇಲೆ ಐದು ಹೆಸರು ಬರೆದಿದ್ದೇನೆ. ಅವು ಯಾವ ಜಾತಿಯನ್ನೂ ಕೇಳುವುದಿಲ್ಲ. ಓದಿದ್ದೀರಾ?

ಮಾದಾಪುರ ತೋಟ: ಮೇಡಂ, ಪತ್ರ ನೋಡಿದೆವು. ಬರ್ಲಿನ್‌ನ ಒಂದು ಖಾಸಗಿ ಕಾಲೇಜು. ವರ್ಷಕ್ಕೆ 12,000 ಯೂರೊ ಫೀ, ಅದರಲ್ಲಿ 2,000 ಸ್ಕಾಲರ್‌ಶಿಪ್ ಎಂದಿದೆ. ಇಮೇಲ್ ಏಜೆಂಟರೇ ತೆರೆದದ್ದು, ಮಗನಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಅಸಲಿ ಅಂಕಪಟ್ಟಿ ಅವರ ಹತ್ತಿರವೇ ಇದೆ. ಪಾಸ್‌ಪೋರ್ಟ್ ನಮ್ಮಲ್ಲಿದೆ.

ಮೇಡಂ: ಅಣ್ಣ, ಹಾಗಾದರೆ ಪ್ರತಿ ವರ್ಷ 10,000 ಯೂರೊ ಫೀ, ಅದರ ಮೇಲೆ ಊಟ, ಬಾಡಿಗೆ ಎಲ್ಲ ನಿಮ್ಮದೇ. ಖಾಸಗಿ ಸಾಲ ಮಾಡಿ ಇದಕ್ಕೆ ಕಳಿಸಬೇಡಿ.

ನಾಳೆ ಮಗನ ಜೊತೆ ನೀವೇ ಹೋಗಿ. ಜಗಳ ಬೇಡ. ನೋಟರಿಗೆ ತೋರಿಸಬೇಕು, ಅಸಲಿ ಕೊಡಿ ಎಂದು ಅಂಕಪಟ್ಟಿ ಮೊದಲು ಕೈಗೆ ತೆಗೆದುಕೊಳ್ಳಿ. ಆಮೇಲೆ ದುಡ್ಡಿನ ಮಾತು. ಕೊಡದಿದ್ದರೆ ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ, ಠಾಣೆಗೆ ದೂರು ಕೊಡಿ. 80 ಸಾವಿರಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ವಾಟ್ಸಾಪ್‌ನಲ್ಲಿ ಫುಲ್ ಸ್ಕಾಲರ್‌ಶಿಪ್ ಎಂದು ಅವರು ಬರೆದಿದ್ದರೆ ಅಳಿಸಬೇಡಿ. ಮಗ ಸರ್ಕಾರಿ ಯೂನಿವರ್ಸಿಟಿಗೆ ತನ್ನದೇ ಇಮೇಲ್‌ನಿಂದ ಹೊಸದಾಗಿ ಅರ್ಜಿ ಹಾಕಲಿ. ಮೊದಲು ಎರಡು ವರ್ಷ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ವಿರಾಜಪೇಟೆ ಅಂಕಲ್: ಇದು ಉಪಯೋಗದ್ದು. "300 ಜನರಿಗೆ ಸ್ಕಾಲರ್‌ಶಿಪ್ ತಂದುಕೊಟ್ಟ ಪ್ರಬಂಧ. ಹೆಸರು ಬದಲಿಸಿದರೆ ಸಾಕು." ಪಿಡಿಎಫ್ ಹಾಕಿದ್ದೇನೆ.

ಮೇಡಂ: 300 ಜನ ಹೆಸರು ಬದಲಿಸಿ ಕಳಿಸಿದ್ದರೆ 300 ಅರ್ಜಿಯೂ ಕಸದ ಬುಟ್ಟಿಗೆ ಹೋಗಿರುತ್ತವೆ. ಅವರ ಹತ್ತಿರ ನಕಲು ಹಿಡಿಯುವ ಸಾಫ್ಟ್‌ವೇರ್ ಇದೆ. ಅಂಕಲ್, ಇದು ಎರಡನೇ ಸಲ. ಅಡ್ಮಿನ್, ದಯವಿಟ್ಟು ಅಳಿಸಿ.

ವಿರಾಜಪೇಟೆ ಅಂಕಲ್: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು?

ಪೊನ್ನಂಪೇಟೆ ಫಾರೆಸ್ಟ್ರಿ: ಅಂಕಲ್ ಪ್ಲೀಸ್.

ಅಡ್ಮಿನ್: ಅಳಿಸಿದ್ದೇನೆ.

ಸಿದ್ದಾಪುರ: ಮೇಡಂ, ಐಇಎಲ್‌ಟಿಎಸ್ ಬೇಕಾ?

ಮೇಡಂ: ಮೇಲೆ ಓದಿ.

ಸುಂಟಿಕೊಪ್ಪ: ವಯಸ್ಸು 36. ತಡ ಆಯಿತಾ?

ಮೇಡಂ: ಎರಾಸ್ಮಸ್‌ಗೆ ವಯಸ್ಸಿನ ಮಿತಿ ಇಲ್ಲ.

ಗೋಣಿಕೊಪ್ಪ: ಚೀವ್ನಿಂಗ್ ಕೊನೆ ದಿನಾಂಕ?

ಮೇಡಂ: ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ, ಅಕ್ಟೋಬರ್ ಇಲ್ಲವೇ ನವೆಂಬರ್ ಮೊದಲ ವಾರ ಮುಚ್ಚುತ್ತದೆ. ಅವರ ವೆಬ್‌ಸೈಟಿನಲ್ಲೇ ನೋಡಿ. ಮಳೆಗೆ ಕರೆಂಟ್ ಹೋಯಿತು, ನೆಟ್‌ವರ್ಕ್ ಇರಲಿಲ್ಲ ಅಂದರೆ ಅವರು ಕೇಳುವುದಿಲ್ಲ. ವಾರ ಮೊದಲೇ ಹಾಕಿ.

ಸಿದ್ದಾಪುರ: ಮೇಲೆ ಎಂದರೆ ಎಲ್ಲಿ? ತುಂಬಾ ಮೆಸೇಜ್ ಇದೆ.

ಕಡಗದಾಳು: ಹುಡುಕಪ್ಪ. ಬ್ರಿಟನ್‌ಗೆ ಹೋಗುವವನಿಗೆ ಇಷ್ಟೂ ಆಗಲ್ವಾ?

ಮಾದಾಪುರ ತೋಟ: ಏಜೆಂಟರು ಈಗ ಫೋನ್ ಮಾಡಿದ್ದರು. ಸೋಮವಾರ ಕಟ್ಟದಿದ್ದರೆ ಸೀಟು ಹೋಗುತ್ತದಂತೆ.

ಮೇಡಂ: ಹೋಗಲಿ ಬಿಡಿ ಅಣ್ಣ. ಅಂಕಪಟ್ಟಿ ತನ್ನಿ.

ಶನಿವಾರಸಂತೆ: ಮೇಡಂ, ನನ್ನ ಪ್ರಶ್ನೆ ನಿನ್ನೆಯೇ ಕೇಳಿದ್ದೆ. ಬಾಕಿ ಸಬ್ಜೆಕ್ಟ್‌ದು.