ಅಪ್ಪನ ಕೈಯಿಂದ ಜೀಪಿನ ಕೀ ತಗೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ನಾಪೋಕ್ಲು ಮಗಳು:
ನಾನಿರೋದು ಬೆಂಗಳೂರಲ್ಲಿ. ಊರು ಕೊಡಗಿನ ನಾಪೋಕ್ಲು, ಅಲ್ಲಿ ಅಪ್ಪ, ಅವ್ವ ಇಬ್ಬರೇ. ಅಪ್ಪನಿಗೆ 66, ಮಿಲಿಟರಿಯಿಂದ ಬಂದು ಇಪ್ಪತ್ತು ವರ್ಷ ಆಯ್ತು. ಮನೇಲಿ ಕೂತು ಎರಡು ಹಾಕಿದರೆ ನನ್ನದೇನೂ ತಕರಾರಿಲ್ಲ. ಆದರೆ ಮದುವೆ, ಮಾದ (ತಿಥಿ ಊಟ), ಕ್ಲಬ್ಬು ಎಲ್ಲಿಗೆ ಹೋದರೂ ಕುಡಿದು ತಾವೇ ಜೀಪ್ ಓಡಿಸಿಕೊಂಡು ಬರ್ತಾರೆ. ಕಳೆದ ತಿಂಗಳು ವಿರಾಜಪೇಟೆಯಲ್ಲಿ ಮದುವೆ ಮುಗಿಸಿ ಬರುವಾಗ ಕಡಂಗ ದಾಟಿ ಮೋರಿಗೆ ಹೊಡೆದರು. ಬಂಪರ್ ಹೋಯ್ತು, ಎಡಗಡೆ ಲೈಟ್ ಹೋಯ್ತು, ಅವ್ವನ ಹಣೆಗೆ ಮೂರು ಹೊಲಿಗೆ. ಕೇಳಿದರೆ "ಮಂಜು ಇತ್ತು" ಅಂತಾರೆ. ಏಪ್ರಿಲ್ ತಿಂಗಳಲ್ಲಿ!

ಮೇನಲ್ಲಿ ಇನ್ನೂ ನಾಲ್ಕು ಮದುವೆ ಇದೆ. ನಾನು ಕೇಳೋದು ಎರಡೇ. ರಾತ್ರಿ ಹನ್ನೆರಡು, ಒಂದು ಗಂಟೆಗೆ ಬಂದು ಕರ್ಕೊಂಡು ಹೋಗೋ ಡ್ರೈವರ್ ನಾಪೋಕ್ಲು ಕಡೆ ಯಾರಾದರೂ ಇದ್ದಾರಾ? ಜಗಳ ಇಲ್ಲದೆ ಕೀ ಕೊಡೋ ಹಾಗೆ ಮಾಡಿದವರು ಇದ್ದೀರಾ?

ಸುಂಟಿಕೊಪ್ಪದವ:
ನಿಮ್ಮ ಅಪ್ಪನಿಗೆ ನನ್ನ ಈ ಲೆಕ್ಕ ತೋರಿಸಿ, ಸಾಕು. 2023ರ ಡಿಸೆಂಬರ್. ಗೋಣಿಕೊಪ್ಪದಲ್ಲಿ ಮದುವೆ. ರಾತ್ರಿ ಹನ್ನೆರಡೂವರೆಗೆ ಕೊನೆ ಗ್ಲಾಸ್. ನೀಟಾಗಿ ಮಲಗಿ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬೆಳಿಗ್ಗೆ ಆರೂವರೆಗೆ ತಂಗಿಯನ್ನು ಬಸ್ಸಿಂದ ಇಳಿಸಿಕೊಳ್ಳೋಕೆ ಕುಶಾಲನಗರಕ್ಕೆ ಹೋದೆ. ನಿಲ್ಲಿಸಿದರು, ಊದಿಸಿದರು, 61 ತೋರಿಸ್ತು. ನಾನು ಕುಡಿದು ಆರು ಗಂಟೆ ಆಗಿದೆ ಸ್ವಾಮಿ ಅಂದೆ. ಮೆಷಿನ್‌ಗೆ ಹೇಳಿ ಅಂದರು.

ಕೋರ್ಟಲ್ಲಿ ದಂಡ 10,000. ಅದು ಎಲ್ಲರಿಗೂ ಗೊತ್ತಿರೋದೇ, ಬಿಡಿ. ಲಾಯರಿಗೆ 4,000 (ದಂಡ ಕಟ್ಟೋಕೆ ಲಾಯರೇ ಬೇಕಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು). ಮಡಿಕೇರಿಗೆ ಎರಡು ಸಲ ಬಾಡಿಗೆ ಕಾರು, 1,800. ಕಾರು ಠಾಣೆ ಅಂಗಳದಲ್ಲಿ ಹನ್ನೊಂದು ದಿನ ನಿಂತಿತ್ತು. ಬ್ಯಾಟರಿ ಸತ್ತಿತ್ತು, 5,400. ಇಲಿ ವಯರ್ ಕಡಿದಿತ್ತು, 7,850. ಬಲಗಡೆ ಕನ್ನಡಿ ಇರಲಿಲ್ಲ, 2,300. ಕನ್ನಡಿ ಯಾರು ತಗೊಂಡರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡಿಎಲ್ ಮೂರು ತಿಂಗಳು ಅಮಾನತು. ಸರಿಯಾಗಿ ಕಾಫಿ ಕುಯ್ಲಿನ ಹೊತ್ತಿಗೆ. ಆಳುಗಳನ್ನು ತರೋಕೆ ಪಿಕಪ್‌ಗೆ ಡ್ರೈವರ್ ಇಟ್ಟೆ, ದಿನಕ್ಕೆ 700ರಂತೆ 52 ದಿನ, 36,400. ಒಟ್ಟು 67,750. ಆಗಿನ ರೇಟಲ್ಲಿ ಹತ್ತು ಮೂಟೆ ರೋಬಸ್ಟಾ ಚೆರಿ ಕಾಫಿ. ಕುಡಿದದ್ದು ಮದುವೆ ಮನೆಯ ಪುಕ್ಕಟೆ ರಮ್ಮು.

ಲೆಕ್ಕದ ಮೇಷ್ಟ್ರು:
ಸುಂಟಿಕೊಪ್ಪದವರೇ, ನಿಮಗೆ 61 ಬಂದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ನೂರು ಮಿಲಿಲೀಟರ್ ರಕ್ತದಿಂದ ದೇಹ ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ ಆಲ್ಕೋಹಾಲ್ ಕಳೀತದೆ. ರಾತ್ರಿ 150 ಇದ್ದರೆ ಆರು ಗಂಟೆಯಲ್ಲಿ ಹೋಗೋದು 90, ಉಳಿಯೋದು 60. ಕಾಫಿ, ನಿಂಬೆರಸ, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಇಳಿಸಲ್ಲ. ಕಾನೂನಿನ ಮಿತಿ ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಒಂದು ಲಾರ್ಜ್ (60 ಮಿಲಿ) ರಮ್ಮಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರ್ತದೆ. ಎಪ್ಪತ್ತು ಕೆಜಿ ಆಸಾಮಿ ಖಾಲಿ ಹೊಟ್ಟೆಯಲ್ಲಿ ಅದೊಂದನ್ನು ಹಾಕಿದರೇ ಮಿತಿ ದಾಟಬಹುದು.

ನಾನು 1,899 ಕೊಟ್ಟು ಊದೋ ಮೆಷಿನ್ ತರಿಸಿದ್ದೇನೆ. ಹೆಂಡತಿ ನಗ್ತಾಳೆ. ಕುಡಿದ ತಕ್ಷಣ ಊದಬಾರದು, ಬಾಯಲ್ಲಿ ಉಳಿದದ್ದೇ ಜಾಸ್ತಿ ತೋರಿಸ್ತದೆ. ಹದಿನೈದು ನಿಮಿಷ ಬಿಟ್ಟು ಊದಬೇಕು. ಪುತ್ತರಿ ಹಬ್ಬದ ದಿನ ಮನೆಯವರೆಲ್ಲ ಊದಿದೆವು, ಅತ್ತೆಗೆ 44 ಬಂತು. ಅವರು ಕುಡಿಯೋದೇ ಇಲ್ಲ ಅಂತ ಮೂವತ್ತು ವರ್ಷದಿಂದ ನಂಬಿದ್ದೆವು.

ನಿವೃತ್ತ ಸುಬೇದಾರ್:
ಮಗಳೇ, ನಿನ್ನ ತಂದೆಯ ವಯಸ್ಸಿನವನೇ ನಾನು. ಲೇಹ್‌ನಿಂದ ತೇಜ್‌ಪುರದವರೆಗೆ ಗಾಡಿ ಓಡಿಸಿದವನು. ನನ್ನ ಕೀ ಯಾರೂ ಕಿತ್ತುಕೊಳ್ಳಲಿಲ್ಲ, 2021ರಲ್ಲಿ ನಾನಾಗಿಯೇ ಮಗನ ಕೈಗೆ ಕೊಟ್ಟೆ. ಒಂದು ರಾತ್ರಿ ಮೂರ್ನಾಡಿನಿಂದ ಮನೆಗೆ ಬಂದದ್ದು ಬೆಳಿಗ್ಗೆ ಒಂದು ಚೂರೂ ನೆನಪಿರಲಿಲ್ಲ. ಗಾಡಿ ಶೆಡ್ಡಿನಲ್ಲಿ ನೆಟ್ಟಗೆ ನಿಂತಿತ್ತು. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು.

ಆಮೇಲೆ ಮದುವೆಗಳಿಗೆ ಡ್ರೈವರ್ ಗೊತ್ತುಮಾಡಿದೆ. ರಾತ್ರಿಗೆ 1,200, ಊಟ ನಮ್ಮದು. ಎರಡು ಮದುವೆ ಸುಸೂತ್ರ. ಮೂರನೆಯದರಲ್ಲಿ ಹೊರಡುವ ಹೊತ್ತಿಗೆ ಆಸಾಮಿ ನಾಪತ್ತೆ. ಹುಡುಕಿದರೆ ಅಡುಗೆಮನೆ ಹಿಂದೆ ಪಂದಿ (ಹಂದಿ ಮಾಂಸ) ಬೇಯಿಸುವವರ ಜೊತೆ ಗೋಣಿ ಹಾಸಿಕೊಂಡು ಮಲಗಿದ್ದಾನೆ. ನಾನು ಹಾಕಿದ್ದು ಮೂರು, ಅವನು ಹಾಕಿದ್ದು ಆರು. ಬೆಳಗಿನ ಐದರವರೆಗೆ ಮದುವೆ ನಡೆದ ಕೊಡವ ಸಮಾಜದ ಜಗಲಿಯಲ್ಲಿ ಅವನನ್ನು ನಾನೇ ಕಾದು ಕೂತೆ, 1,200ನ್ನೂ ಕೊಟ್ಟೆ.

ಈಗ ನಮ್ಮ ಕೇರಿಯ ನಾಲ್ಕು ಮನೆಯವರು ಸೇರಿ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಳ್ಳುತ್ತೇವೆ. 4,500, ಹನ್ನೆರಡು ಜನ, ತಲೆಗೆ 375. ಹತ್ತೂವರೆಗೆ ಗಾಡಿ ಹೊರಡುತ್ತದೆ, ಬಾರದವರನ್ನು ಬಿಟ್ಟು ಹೋಗುತ್ತದೆ. ಒಮ್ಮೆ ನನ್ನನ್ನೇ ಬಿಟ್ಟು ಹೋಗಿದೆ.

ಕಕ್ಕಬ್ಬೆ ಕಾಳುಮೆಣಸು:
ಹತ್ತೂವರೆಗೆ ಹೊರಡೋದಾದರೆ ಮದುವೆಗೆ ಯಾಕೆ ಹೋಗಬೇಕು ಸುಬೇದಾರರೇ? ಮದುಮಗಳು ನೀರು ಹೊರೋ ಗಂಗಾಪೂಜೆ ಶುರುವಾಗೋದೇ ಆಮೇಲೆ. ವಾಲಗ ಯಾರು ಕುಣೀಬೇಕು, ಟಿಟಿ ಡ್ರೈವರಾ?

ನಿವೃತ್ತ ಸುಬೇದಾರ್:
ಎಪ್ಪತ್ತಕ್ಕೆ ಹತ್ತಿರ ಬಂದವನ ಮೊಣಕಾಲು ಎಷ್ಟು ವಾಲಗ ಕುಣಿಯುತ್ತದೆ ಎಂದು ಆ ವಯಸ್ಸಿಗೆ ಬಂದಾಗ ತಿಳಿಯುತ್ತದೆ ನಿಮಗೆ.

ನೆಲ್ಯಹುದಿಕೇರಿ ಅಕ್ಕ:
ನಮ್ಮದು ಹೇಳ್ತೇನೆ, ಉದ್ದ ಆಗ್ತದೆ. 2018ರ ನವೆಂಬರ್. ಅಮ್ಮತ್ತಿ ಕಡೆಯಿಂದ ವಾಪಸ್ ಬರ್ತಿದ್ದೆವು, ನಮ್ಮವರು ಓಡಿಸ್ತಿದ್ದರು, ನಾನು ಪಕ್ಕದಲ್ಲಿ. ಎಷ್ಟು ಕುಡಿದಿದ್ದರು ಅಂತ ನನಗೆ ಗೊತ್ತು, ಬಾಟ್ಲಿ ನನ್ನ ಕಾಲ ಹತ್ತಿರವೇ ಉರುಳಾಡ್ತಿತ್ತು. ಸಂತೆ ಮುಗಿಸಿ ಲೈನ್‌ಮನೆಗೆ (ಎಸ್ಟೇಟ್ ಕೆಲಸದವರ ಮನೆಗೆ) ನಡೆದು ಹೋಗ್ತಿದ್ದವನಿಗೆ ಹೊಡೆದರು. ಕೈಯಲ್ಲಿ ಒಣಮೀನಿನ ಪೊಟ್ಟಣ, ತಲೆ ಮೇಲೆ ಅಕ್ಕಿ ಚೀಲ. ಅಕ್ಕಿ ರಸ್ತೆ ತುಂಬ. ಸಿದ್ದಾಪುರದಲ್ಲಿ ಕಟ್ಟು ಹಾಕಿ ಮೈಸೂರಿಗೆ ಕರ್ಕೊಂಡು ಹೋಗಿ ಅಂದರು. ತಲೆಗೆ ಪೆಟ್ಟು ಬಿದ್ದರೆ ನಮಗೆ ಮೈಸೂರೋ ಮಂಗಳೂರೋ ಗತಿ ಅಂತ ಇಲ್ಲಿ ಎಲ್ಲರಿಗೂ ಗೊತ್ತಲ್ಲ. ಹುಣಸೂರು ದಾಟಲಿಲ್ಲ.

ಪೊಲೀಸರು ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೌದು, ಕುಡಿದಿದ್ದರು ಅಂದೆ. ರಕ್ತದಲ್ಲೂ ಬಂತು. ನಮ್ಮ ಕಾರಿನ ರಿಪೇರಿ 1,86,000, ಇನ್ಶೂರೆನ್ಸಿನವರು ಒಂದು ರೂಪಾಯಿ ಕೊಡಲಿಲ್ಲ. ತೀರಿಹೋದವನ ಮನೆಗೆ 11,40,000 ಪರಿಹಾರ, ಮೇಲೆ ಆರು ಪರ್ಸೆಂಟ್ ಬಡ್ಡಿ. ಕಂಪನಿ ಮೊದಲು ಕಟ್ಟಲಿ, ಆಮೇಲೆ ಗಾಡಿ ಮಾಲೀಕರಿಂದ ವಸೂಲು ಮಾಡಲಿ ಅಂತ ಆದೇಶ. ವಸೂಲು ಮಾಡಿದರು. ಒಂದು ಎಕರೆ ಇಪ್ಪತ್ತು ಸೆಂಟ್ ಗದ್ದೆ ಹೋಯ್ತು, ಅದು ಮಾವನವರು ಕೊಟ್ಟದ್ದು. ಹದಿನಾಲ್ಕು ತಿಂಗಳು ನಮ್ಮವರು ನನ್ನ ಹತ್ತಿರ ಮಾತಾಡಲಿಲ್ಲ. ಒಕ್ಕದವರು (ಮನೆತನದವರು) ಈಗಲೂ ನನಗೆ "ಸಾಕ್ಷಿ" ಅಂತ ಹೆಸರಿಟ್ಟಿದ್ದಾರೆ.

ಸತ್ತವನ ಹೆಂಡತಿ ಪಕ್ಕದ ಎಸ್ಟೇಟಿಗೆ ಕುಯ್ಲಿಗೆ ಬರ್ತಾಳೆ. ದಾರೀಲಿ ನನ್ನ ನೋಡಿದರೆ ಪಕ್ಕಕ್ಕೆ ಸರಿದು ತಲೆ ತಗ್ಗಿಸ್ತಾಳೆ. ನಾನಲ್ಲವಾ ತಗ್ಗಿಸಬೇಕಾದ್ದು.

ಟೋಪಿ ಬೇಡ:
ಅಕ್ಕಾ, ಬೇಜಾರು ಮಾಡ್ಕೋಬೇಡಿ, ಬಾಯಿ ಮುಚ್ಕೊಂಡು ಇದ್ದಿದ್ದರೆ ಗದ್ದೆ ಉಳೀತಿತ್ತು. 2016ರಲ್ಲಿ ನಮ್ಮ ಬಾವ ರಾತ್ರಿ ಒಬ್ಬ ಬೈಕಿನವನಿಗೆ ಗುದ್ದಿದ. ನಾನು ಮೊದಲು ಬಾವನನ್ನು ತೋಟದೊಳಗೆ ಕಳಿಸಿದೆ. ಮಾರನೇ ದಿನ ಮಧ್ಯಾಹ್ನ ಹೋಗಿ ಹಾಜರಾದ. ರಕ್ತದಲ್ಲಿ ಸೊನ್ನೆ. ಕ್ಲೇಮ್ ಪೂರ್ತಿ ಬಂತು. ಬುದ್ಧಿ ಉಪಯೋಗಿಸಬೇಕು.

ನೆಲ್ಯಹುದಿಕೇರಿ ಅಕ್ಕ:
ಬೈಕಿನವನು?

ಟೋಪಿ ಬೇಡ:
ಕಾಲು ಮುರಿದಿತ್ತು ಅಷ್ಟೇ. ಅವನಿಗೂ ದುಡ್ಡು ಬಂತು.

ಲೆಕ್ಕದ ಮೇಷ್ಟ್ರು:
ಕಾಲು ಮುರಿದವನನ್ನು ಕತ್ತಲಲ್ಲಿ ಬಿಟ್ಟು ಓಡಿದ ಕತೆಯನ್ನು ಎದೆ ತಟ್ಟಿ ಹೇಳೋರನ್ನು ಇವತ್ತೇ ನೋಡಿದ್ದು. ಪೆಟ್ಟಾದವನನ್ನು ಆಸ್ಪತ್ರೆಗೆ ಸೇರಿಸೋದು ಚಾಲಕನ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ನಿಮ್ಮ ಬಾವ ಈಗ ಬಿಟ್ಟಿದ್ದಾನಾ ಕುಡಿದು ಓಡಿಸೋದು?

ಟೋಪಿ ಬೇಡ:
ಅದು ನಿಮಗೆ ಬೇಡ. ಮೆಷಿನ್ ಊದ್ಕೊಂಡು ಕೂತ್ಕೊಳ್ಳಿ.

ಶನಿವಾರಸಂತೆ ಗೌಡ:
ಎಲ್ರೂ ಮನೆಯವ್ರ ತಲೆ ಮೇಲೇ ಹಾಕ್ತಾ ಇದೀರ. ಮೊದ್ಲು ಟೂರಿಸ್ಟರನ್ನ ಹಿಡೀರಿ. ಶನಿವಾರ ಭಾನುವಾರ ಮಾಂದಲಪಟ್ಟಿ ರಸ್ತೇಲಿ ಕಾರು ನಿಲ್ಸಿ ಡಿಕ್ಕಿ ಮೇಲೆ ಗ್ಲಾಸ್ ಇಟ್ಕೊಂಡು ಕುಡೀತಾರಲ್ಲ, ಅವ್ರನ್ನ ಕೇಳೋರು ಯಾರು?

ಹೋಂಸ್ಟೇ ಗಾಳಿಬೀಡು:
ಬಂತು ನೋಡಿ. ಎಂಟು ವರ್ಷದಿಂದ ಹೋಂಸ್ಟೇ ನಡೆಸ್ತಿದ್ದೇನೆ. ಗೆಸ್ಟ್ ಕುಡಿದರೆ ಗೇಟಿಗೆ ಬೀಗ ಹಾಕಿ ಕೀ ನನ್ನ ದಿಂಬಿನಡಿ ಇಟ್ಕೊಳ್ತೇನೆ. ಇದಕ್ಕೇ ಒಂದು ಸ್ಟಾರ್ ಕೊಟ್ಟು ಹೋದವರು ಐದು ಜನ. ನನ್ನ ಕಾಂಪೌಂಡ್ ಗೋಡೆ ಒಡೆದವನು ಬೆಂಗಳೂರಿನವನಲ್ಲ, ನಮ್ಮೂರಿನವನೇ, ಕೈಲ್‌ಪೊಳ್ದ್ ಹಬ್ಬದ ದಿನ. ಗೋಡೆ 42,000, ಎರಡು ಬಟರ್‌ಫ್ರೂಟ್ ಗಿಡ, ನಾಯಿಗೂಡು. ಇವತ್ತಿಗೂ ಕೊಟ್ಟಿಲ್ಲ. ಎದುರಿಗೆ ಸಿಕ್ಕಿದರೆ "ಮಳೆ ಹೇಗೆ?" ಅಂತ ಕೇಳ್ತಾನೆ.

ಶನಿವಾರಸಂತೆ ಗೌಡ:
ನೀವು ಗೆಸ್ಟಿಗೆ ಮನೇಲಿ ಮಾಡಿದ ವೈನ್ ಮಾರೋದಿಲ್ವಾ? ಅದನ್ನೂ ಹೇಳಿ.

ಹೋಂಸ್ಟೇ ಗಾಳಿಬೀಡು:
ನಿಮ್ಮ ಊರಿನ ಬಾರ್ ಬಾಗಿಲಲ್ಲಿ ಬೆಳಿಗ್ಗೆ ಹತ್ತಕ್ಕೆ ನಿಲ್ಲೋ ಬೈಕುಗಳನ್ನು ಎಣಿಸಿ, ಆಮೇಲೆ ನನ್ನ ವೈನಿಗೆ ಬನ್ನಿ.

ಕಕ್ಕಬ್ಬೆ ಕಾಳುಮೆಣಸು:
ಬೈಕಿನ ಮಾತು ಬಂತಲ್ಲ. 2016ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತು, 2017ರಲ್ಲಿ ಇಪ್ಪತ್ತು ಸಾವಿರದೊಳಗೆ ಜನ ಇರೋ ಊರಿಗೆ 220 ಮೀಟರ್ ಅಂತು. ನನಗೆ ಗೊತ್ತಿರೋ ಒಂದು ಅಂಗಡಿ ರಸ್ತೆ ಬದಿಯಿಂದ ಎದ್ದು ತೋಟದ ದಾರಿಗೆ ಹೋಗಿ ಕೂತಿತು. ಅದಕ್ಕೂ ಮೊದಲು ನಡೆದು ಹೋಗಿ ಕುಡಿದು ನಡೆದೇ ಬರ್ತಿದ್ದವರೆಲ್ಲ ದೂರ ಅಂತ ಬೈಕ್ ತಗೊಂಡರು. ನನ್ನ ತಮ್ಮನೂ ಅದರಲ್ಲಿ ಒಬ್ಬ. ಆ ತಿರುವಲ್ಲಿ ಆನೆ ಬಂದರೆ ಕುಡಿಯದವನಿಗೇ ಬ್ರೇಕ್ ಸಿಗಲ್ಲ. ಅವನ ಭುಜದಲ್ಲಿ ಈಗ ಏಳು ಸ್ಕ್ರೂ, 2,10,000. ತಪ್ಪು ಆನೆದು ಅಂತಾನೆ.

ಪೊನ್ನಂಪೇಟೆ ಸೊಸೆ:
ಔಷಧಿ ಹಾಕುವ ಯೋಚನೆ ಮಾತ್ರ ಮಾಡಬೇಡಿ, ಯಾರಾದರೂ ಹೇಳಿಯೇ ಹೇಳ್ತಾರೆ. "ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಅನ್ನೋ ಜಾಹೀರಾತು ನೋಡಿ ನಮ್ಮತ್ತೆ ಮಾವನ ಕಾಫಿಗೆ ಮಾತ್ರೆ ಹಾಕಿದರು. ಸಂಜೆ ಮಾವ ಕುಡಿದರು. ಮುಖ ಕೆಂಡ, ವಾಂತಿ, ಎದೆ ಡವಡವ, ಬಿಪಿ ಬಿದ್ದುಹೋಯ್ತು. ಮೂರು ದಿನ ಐಸಿಯು, 58,000. ಅದು ಮುಗಿದ ಮೇಲೆ ಮಾವ ಸಿಟ್ಟಿನಲ್ಲಿ ಒಂದೇ ದಿನಕ್ಕೆ ಪೂರ್ತಿ ಬಿಟ್ಟರು. ಎರಡನೇ ದಿನ ಫಿಟ್ಸ್ ಬಂತು. ದಿನಾ ಜಾಸ್ತಿ ಕುಡಿಯುವವರು ಹೀಗೆ ತಟ್ಟನೆ ನಿಲ್ಲಿಸಬಾರದಂತೆ, ಡಾಕ್ಟರು ಬೈದರು. ಆಮೇಲೆ 14416ಕ್ಕೆ ಫೋನ್ ಮಾಡಿದೆವು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಮಾವ ಈಗ ಕಡಿಮೆ ಮಾಡಿದ್ದಾರೆ. ಅತ್ತೆ ಕೊಟ್ಟ ಕಾಫಿ ಮಾತ್ರ ಇವತ್ತಿಗೂ ಕುಡಿಯಲ್ಲ.

ಟೋಪಿ ಬೇಡ:
ಮೇಷ್ಟ್ರೇ, ನೀವು ಕೇಳಿದ್ದಕ್ಕೆ. ಬಾವ ಬಿಟ್ಟಿಲ್ಲ. ಹೋದ ವರ್ಷ ಊದೋದರಲ್ಲಿ ಎರಡನೇ ಸಲ ಸಿಕ್ಕಿದ, 15,000. ಅದನ್ನೂ ನಾನೇ ಕಟ್ಟಿದ್ದು. ಈಗ ಸುಮ್ಮನಿರ್ತೀರಾ?

ಲೆಕ್ಕದ ಮೇಷ್ಟ್ರು:
ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲೂ ಇದೆ. ಬರೀ 15,000ಕ್ಕೆ ಮುಗಿದದ್ದಕ್ಕೆ ದೇವರಿಗೆ ಒಂದು ಕಾಯಿ ಒಡೆಸಿ.

ನಾಪೋಕ್ಲು ಮಗಳು:
ಎಲ್ಲ ಓದಿದೆ. ಸುಬೇದಾರ್ ಅಂಕಲ್ ಹೇಳಿದ ಟಿಟಿ ವಿಷಯ ಅಪ್ಪನಿಗೆ ಫೋನಲ್ಲಿ ಹೇಳಿದೆ. "ಟಿಟಿಯಲ್ಲಿ ಬರೋಕೆ ನಾನೇನು ಟೂರಿಸ್ಟಾ?" ಅಂದರು. ನೆಲ್ಯಹುದಿಕೇರಿ ಅಕ್ಕ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ನಿನ್ನೆ ಮೊದಲನೇ ಮದುವೆ ಇತ್ತು. ರಾತ್ರಿ ಹೊರಡುವಾಗ ಅವ್ವ ಜೀಪ್ ಹತ್ತಲಿಲ್ಲವಂತೆ. ಸಮಾಜದ ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ, ಹಣೆಯ ಬ್ಯಾಂಡೇಜ್ ಎಲ್ಲರಿಗೂ ಕಾಣೋ ಹಾಗೆ. ಅರ್ಧ ಗಂಟೆ ಅಪ್ಪ ಜೀಪಲ್ಲಿ, ಅವ್ವ ಮೆಟ್ಟಿಲಲ್ಲಿ. ಕೊನೆಗೆ ನಮ್ಮ ಚಿಕ್ಕಪ್ಪನ ಮಗ ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಅಪ್ಪ ಅವನ ಗೇರ್ ಹಾಕೋದು ಸರಿ ಇಲ್ಲ ಅಂತ ಬೈದರಂತೆ.

ಚಿಕ್ಕಪ್ಪನ ಮಗ ಹನ್ನೆರಡನೇ ತಾರೀಕಿಗೆ ರಜೆ ಮುಗಿಸಿ ವಾಪಸ್ ಹೋಗ್ತಾನೆ. ಇನ್ನೂ ಮೂರು ಮದುವೆ ಬಾಕಿ. ಡ್ರೈವರ್ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ.

ಸುಂಟಿಕೊಪ್ಪದವ:
ಒಂದು ತಿದ್ದುಪಡಿ. ಬಿಲ್ ಸಿಕ್ಕಿತು. ಕನ್ನಡಿ 2,300 ಅಲ್ಲ, 2,650. ಒಟ್ಟು 68,100.