ಚಿನ್ನ ಅಸಲಿ, ನಾಣ್ಯವೂ ಅಸಲಿಯೇ? ಬ್ರಿಟಿಷ್ ಸವರನ್ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ): ಸರ್, 1918ರ ಸವರನ್ (ಬ್ರಿಟಿಷ್ ಚಿನ್ನದ ನಾಣ್ಯ) ಒಂದು ಮಾರಾಟಕ್ಕೆ ಬಂದಿದೆ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಮೇಲೆ ಸಂತ ಜಾರ್ಜ್. ಚಿನ್ನದಂಗಡಿಯ ಕ್ಯಾರೆಟ್ ಮೀಟರ್‌ನಲ್ಲಿ 91.6 ಬಂತು, ತೂಕ 7.98 ಗ್ರಾಂ. ಬಾಂಬೆ ಟಂಕಸಾಲೆಯದು ಅಂತ ಚಿನ್ನದ ಬೆಲೆಗಿಂತ ಹೆಚ್ಚು ಕೇಳುತ್ತಿದ್ದಾರೆ. ಇಷ್ಟು ಪರೀಕ್ಷೆ ಸಾಕಲ್ಲವೇ?

ಉತ್ತರ (ನಾಣ್ಯ ಪರೀಕ್ಷಕರು): ಸಾಲದು. ಮೀಟರ್ ಹೇಳಿದ್ದು ಚಿನ್ನದ ವಿಷಯ, ನಾಣ್ಯದ ವಿಷಯ ಅಲ್ಲ. ಖೋಟಾ ಸವರನ್‌ಗಳಲ್ಲಿ ಬಹಳಷ್ಟು ನಿಜವಾದ ಚಿನ್ನದವೇ. ಎರಡನೇ ಮಹಾಯುದ್ಧದ ನಂತರ ಸವರನ್ ತನ್ನೊಳಗಿನ ಚಿನ್ನದ ಬೆಲೆಗಿಂತ ಮೇಲೆಯೇ ಮಾರಾಟವಾಗುತ್ತಿತ್ತು. ಗಟ್ಟಿ ಚಿನ್ನ ಕೊಂಡು ಅದರ ಮೇಲೆ ಅಚ್ಚು ಹಾಕಿದರೆ ಆ ವ್ಯತ್ಯಾಸವೆಲ್ಲ ಲಾಭ. ಇಟಲಿ, ಲೆಬನಾನ್ ಕಡೆ ಈ ದಂಧೆ ಜೋರಾಗಿತ್ತು. ರಾಯಲ್ ಮಿಂಟ್ 1957ರಲ್ಲಿ ಮತ್ತೆ ಸವರನ್ ಟಂಕಿಸಲು ಶುರುಮಾಡಿದ್ದಕ್ಕೆ ಇದೂ ಒಂದು ಕಾರಣ.

ಮೊದಲು ಇಸವಿ ಮತ್ತು ಟಂಕಸಾಲೆ ಗುರುತು ಹೊಂದುತ್ತವೆಯೇ ನೋಡಿ, ಇದಕ್ಕೆ ಕಾಸು ಖರ್ಚಿಲ್ಲ. ಕುದುರೆಯ ಕಾಲಡಿ ನೆಲದ ಗೆರೆ ಇದೆಯಲ್ಲ, ಅದರ ನಡುವೆ, ಇಸವಿಯ ಮೇಲೆ, ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇರಬೇಕು. ಐ ಇದ್ದರೆ ಬಾಂಬೆ, ಎಸ್ ಸಿಡ್ನಿ, ಎಂ ಮೆಲ್ಬರ್ನ್, ಪಿ ಪರ್ತ್, ಸಿ ಒಟ್ಟಾವಾ. ಲಂಡನ್ನಿನ ನಾಣ್ಯಕ್ಕೆ ಅಕ್ಷರ ಇರುವುದಿಲ್ಲ, ಆದರೆ ಲಂಡನ್‌ನಲ್ಲಿ 1917ರ ನಂತರ 1925ರವರೆಗೆ ಸವರನ್ ಇಸವಿಯೇ ಇಲ್ಲ. ಹಾಗಾಗಿ ಅಕ್ಷರವಿಲ್ಲದ 1918 ಕಂಡರೆ ಅದು ಖೋಟಾ, ಮುಂದೆ ನೋಡುವ ಅಗತ್ಯವೇ ಇಲ್ಲ. ಪ್ರಿಟೋರಿಯಾದ ಎಸ್‌ಎ ಗುರುತು 1923ರಿಂದ ಮಾತ್ರ. ಆ ಕಾಲದಲ್ಲಿ ಬಾಂಬೆಯ ಐ ಬಂದದ್ದು 1918ರ ಒಂದೇ ವರ್ಷ. ಈಗ 2013ರಿಂದ ಭಾರತದಲ್ಲಿ ಟಂಕಿಸಿದ ಹೊಸ ಸವರನ್‌ಗಳಲ್ಲೂ ಐ ಇದೆ, ಅದರ ಜೊತೆ ಗೊಂದಲ ಬೇಡ. ಇನ್ನು, ಲಂಡನ್ನಿನ 1917 ಸಿಗುವುದು ಅಪರೂಪ, ಆದ್ದರಿಂದಲೇ ಅದರ ನಕಲು ಹೆಚ್ಚು.

ಪ್ರಶ್ನೆ (ಅವರೇ): ಐ ಅಕ್ಷರ ಇದೆ ಸರ್. ಮುಂದೇನು ನೋಡಲಿ?

ಉತ್ತರ (ನಾಣ್ಯ ಪರೀಕ್ಷಕರು): 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ತೆಗೆದುಕೊಳ್ಳಿ. ದೀಪ ಪಕ್ಕದಿಂದ ಬರಲಿ, ನೇರ ಮೇಲಿಂದ ಬೇಡ. ಅಕ್ಷರಗಳ ಬುಡ ನೋಡಿ. ಒತ್ತಡದಲ್ಲಿ ಅಚ್ಚಾದ ನಾಣ್ಯದಲ್ಲಿ ಅಕ್ಷರ ಬಯಲಿನಿಂದ (ಅಕ್ಷರ, ಚಿತ್ರ ಇಲ್ಲದ ಸಮತಟ್ಟು ಜಾಗ) ಗೋಡೆ ಎದ್ದ ಹಾಗೆ ನೇರವಾಗಿ ಏಳುತ್ತದೆ. ಎರಕದ ನಕಲಿನಲ್ಲಿ ನೆನೆದ ಸಾಬೂನಿನ ಹಾಗೆ ಅಂಚು ಕರಗಿ ಬಯಲಿಗೆ ಇಳಿದಿರುತ್ತದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿಯೋ ಗುಳ್ಳೆಯೋ ಇರುತ್ತದೆ. ಅಸಲಿ ನಾಣ್ಯವನ್ನೇ ಮಾದರಿಯಾಗಿಟ್ಟು ಮಾಡಿದ ಅಚ್ಚಿನ ನಕಲು ಹಿಡಿಯುವುದು ಇನ್ನೂ ಕಷ್ಟ. ಅದಕ್ಕೆ ಗೀರುಗಳನ್ನು ನೋಡಬೇಕು. ಕೈಯಿಂದ ಕೈಗೆ ಹೋಗಿ ಬಿದ್ದ ಗೀರಿಗೆ ಚೂಪು ಅಂಚು ಇರುತ್ತದೆ, ಪಕ್ಕದಲ್ಲಿ ಲೋಹ ಸ್ವಲ್ಪ ಎದ್ದಿರುತ್ತದೆ. ಮಾದರಿ ನಾಣ್ಯದಿಂದ ನಕಲಿಗೆ ಇಳಿದುಬಂದ ಗೀರು ಮೊಂಡಾಗಿರುತ್ತದೆ, ಒಳಗೂ ಸುತ್ತಲಿನ ಬಯಲಿನ ಹೊಳಪೇ ಇರುತ್ತದೆ. ಒಬ್ಬನೇ ಮಾರಾಟಗಾರನ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಎರಡನ್ನೂ ಬಿಡಿ.

ಇನ್ನು ಮೂರು ಜಾಗ: ರಾಜನ ಕತ್ತಿನ ಕೆಳಗಿನ ಬಿ.ಎಂ. (ರಾಜನ ಮುಖ ಕೆತ್ತಿದ ಮೆಕೆನಲ್ ಹೆಸರಿನ ಮೊದಲಕ್ಷರ), ಇಸವಿಯ ಬಲಕ್ಕಿರುವ ಸಣ್ಣ ಬಿ.ಪಿ. (ಕಲಾವಿದ ಪಿಸ್ತ್ರುಚ್ಚಿಯ ಹೆಸರಿನ ಮೊದಲಕ್ಷರ), ಮತ್ತು ಅಂಚಿನ ಸುತ್ತ ಇರುವ ಹಲ್ಲುಸಾಲು. ನಕಲಿನಲ್ಲಿ ಬಿ.ಪಿ. ಸಾಮಾನ್ಯವಾಗಿ ಮುದ್ದೆಯಾಗಿರುತ್ತದೆ. ಪಕ್ಕದ ಅಂಚಿನ ಗೀರುಸಾಲು ಒಂದೇ ಸಮನಾಗಿ ನೇರ ಇರಬೇಕು, ಅರ ಹಾಕಿದ ಗುರುತೋ ಜೋಡಣೆಯ ಗೆರೆಯೋ ಇರಬಾರದು.

ಉತ್ತರ (ಚಿನಿವಾರರು): ನನ್ನದೊಂದು ಮಾತು ಸೇರಿಸುತ್ತೇನೆ. ಕ್ಯಾರೆಟ್ ಮೀಟರ್ ಮೇಲ್ಪದರವನ್ನಷ್ಟೇ ಓದುತ್ತದೆ, ದಪ್ಪ ಲೇಪವಿದ್ದರೆ ಒಳಗೇನಿದೆ ಅಂತ ಹೇಳುವುದಿಲ್ಲ. ಅದಕ್ಕೆ ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ ಪೂರ್ತಿ ಮುಳುಗಿಸಿ, ತಳ ಗೋಡೆ ಯಾವುದಕ್ಕೂ ತಾಗಬಾರದು. 22 ಕ್ಯಾರೆಟ್ ಚಿನ್ನದ ಸಾಂದ್ರತೆ ಸುಮಾರು 17.6, ನಾಣ್ಯದ ತೂಕವನ್ನು ಅದರಿಂದ ಭಾಗಿಸಿದಷ್ಟು, ಅಂದರೆ 0.45 ಅಥವಾ 0.46, ತಕ್ಕಡಿ ತೋರಿಸಬೇಕು. ಬೆಳ್ಳಿಗೆ ಚಿನ್ನದ ಲೇಪವಾದರೆ 0.77ರ ಹತ್ತಿರ, ಹಿತ್ತಾಳೆಯಾದರೆ 0.94ರ ಹತ್ತಿರ ಬರುತ್ತದೆ. 21 ಕ್ಯಾರೆಟ್ ಆದರೆ 0.47, ಅಂದರೆ ಈ ತಕ್ಕಡಿಯಲ್ಲಿ ವ್ಯತ್ಯಾಸ ಕೂದಲೆಳೆಯಷ್ಟೇ. 0.001 ಗ್ರಾಂ ತಕ್ಕಡಿ ಸಿಕ್ಕರೆ ಅದರಲ್ಲೇ ಮಾಡಿ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ಏರುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿದರೆ ಅಂಟಿದ ಗುಳ್ಳೆ ಕಳಚಿಕೊಳ್ಳುತ್ತದೆ.

ಅಳತೆ: ವ್ಯಾಸ 22.05 ಮಿ.ಮೀ., ದಪ್ಪ 1.52 ಮಿ.ಮೀ., ತೂಕ 7.988 ಗ್ರಾಂ. ಸವೆದು 7.938ಕ್ಕಿಂತ ಇಳಿದ ನಾಣ್ಯ ಬ್ರಿಟಿಷರ ಕಾಲದಲ್ಲಿ ಚಲಾವಣೆಗೆ ಅನರ್ಹವಾಗುತ್ತಿತ್ತು. ಸವೆತವೇ ಕಾಣದ ನಾಣ್ಯ 7.85 ತೂಗಿದರೆ ಅನುಮಾನ ಪಡಿ. 8.00 ದಾಟಿದರೂ ಅನುಮಾನ ಪಡಿ. ನಮ್ಮ ಪೇಟೆಯಲ್ಲಿ ಸವರನ್ ಅಂದರೆ 8 ಗ್ರಾಂ ಎಂಬ ಲೆಕ್ಕ ಇದೆ, ನಾಣ್ಯಕ್ಕೆ ಅದು ಅನ್ವಯಿಸುವುದಿಲ್ಲ. ಇದರಲ್ಲಿರುವ ಚೊಕ್ಕ ಚಿನ್ನ 7.32 ಗ್ರಾಂ ಮಾತ್ರ.

ದಯವಿಟ್ಟು ಒರೆಗಲ್ಲಿಗೆ ಉಜ್ಜಿಸಬೇಡಿ. ಅಸಲಿಯೇ ಆಗಿದ್ದರೂ ಆ ಗೀರಿನಿಂದ ಸಂಗ್ರಹದ ಬೆಲೆ ಹೋಗುತ್ತದೆ. ಸರಕ್ಕೆ ಪೋಣಿಸಿದ್ದ ನಾಣ್ಯವಾದರೆ ರಾಜನ ತಲೆಯ ಮೇಲ್ಭಾಗದ ಅಂಚಿನಲ್ಲಿ ಬೆಸುಗೆಯ ಕಲೆ ಹುಡುಕಿ. ಕೊಂಡಿ ಕಿತ್ತು ನಯ ಮಾಡಿದ ನಾಣ್ಯಕ್ಕೆ ಚಿನ್ನದ ಬೆಲೆಯಷ್ಟೇ ಕೊಡಿ.

ಪ್ರಶ್ನೆ (ಲಂಡನ್): ಇಲ್ಲಿನ ಸಂತೆಯಲ್ಲಿ ಹಾಫ್ ಕ್ರೌನ್ ಎಂಬ ಹಳೆಯ ಬ್ರಿಟಿಷ್ ನಾಣ್ಯಗಳನ್ನು ಒಟ್ಟಿಗೆ ಸುರಿದು ಬೆಳ್ಳಿ ಅಂತ ಮಾರುತ್ತಾರೆ. ಹೇಗೆ ಬೇರ್ಪಡಿಸಲಿ?

ಉತ್ತರ (ನಾಣ್ಯ ಪರೀಕ್ಷಕರು): ಇಸವಿಯೇ ಸಾಕು. 1919ರವರೆಗೆ 92.5 ಶೇಕಡಾ ಬೆಳ್ಳಿ, 1920ರಿಂದ 1946ರವರೆಗೆ 50 ಶೇಕಡಾ, 1947ರಿಂದ ತಾಮ್ರ-ನಿಕಲ್. ತೂಕ ಮೂರಕ್ಕೂ 14.14 ಗ್ರಾಮೇ, ತಕ್ಕಡಿ ನಂಬಿ ಮೋಸಹೋಗಬೇಡಿ. 1905ರದ್ದು ಕಂಡರೆ ನಿಧಾನಿಸಿ. ಆ ವರ್ಷ ಟಂಕಿಸಿದ್ದು 1,66,008 ಮಾತ್ರ, ನಕಲು ಚೆನ್ನಾಗಿ ಓಡಾಡುತ್ತಿದೆ. ಮುಖ ಯಾವ ಕಡೆ ತಿರುಗಿದೆ ಅಂತಲೂ ನೋಡಿ: ಏಳನೇ ಎಡ್ವರ್ಡ್ ಬಲಕ್ಕೆ, ವಿಕ್ಟೋರಿಯಾ, ಐದನೇ ಮತ್ತು ಆರನೇ ಜಾರ್ಜ್ ಎಡಕ್ಕೆ. ವಿಕ್ಟೋರಿಯಾಳ ಬ್ರಿಟಿಷ್ ನಾಣ್ಯದಲ್ಲಿ ‘ಇಂಡ್ ಇಂಪ್’, ಅಂದರೆ ಭಾರತದ ಸಾಮ್ರಾಜ್ಞಿ, ಎಂಬ ಬರಹ ಬಂದದ್ದು 1893ರಲ್ಲಿ ಶುರುವಾದ, ಮುಸುಕು ಹೊದ್ದ ಮುಖಚಿತ್ರದಿಂದ. 1887ರ ನಾಣ್ಯದಲ್ಲಿ ಅದು ಕಂಡರೆ ಯಾರೋ ಎರಡು ಅಚ್ಚು ಬೆರೆಸಿದ್ದಾರೆ.

ಪ್ರಶ್ನೆ (ಹುಬ್ಬಳ್ಳಿ): ಬಾಂಬೆಯಲ್ಲಿ ಟಂಕಿಸಿದ್ದು ಅಂತ ದೊಡ್ಡ ಬೆಳ್ಳಿ ಡಾಲರ್ ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುತ್ತಿದೆ. ತ್ರಿಶೂಲ ಹಿಡಿದ ಹೆಂಗಸು ನಿಂತಿದ್ದಾಳೆ.

ಉತ್ತರ (ನಾಣ್ಯ ಪರೀಕ್ಷಕರು): ಅದು ಬ್ರಿಟಿಷ್ ವ್ಯಾಪಾರಿ ಡಾಲರ್, ಪೂರ್ವ ಏಷ್ಯಾದ ವ್ಯಾಪಾರಕ್ಕೆ ಟಂಕಿಸಿದ್ದು, ಭಾರತದಲ್ಲಿ ಚಲಾವಣೆಗೆ ಅಲ್ಲ. ತೂಕ 26.95 ಗ್ರಾಂ, 90 ಶೇಕಡಾ ಬೆಳ್ಳಿ. ಬಾಂಬೆಯದಾದರೆ ತ್ರಿಶೂಲದ ನಡುಮೊನೆಯಲ್ಲಿ ಒಳಗೆ ಕೊರೆದ ಹಾಗೆ ಪುಟ್ಟ ಬಿ ಇರುತ್ತದೆ. 1914ರಿಂದ 1920ರವರೆಗಿನ ಇಸವಿ ಕಂಡರೆ ನಕಲು, ಆ ವರ್ಷಗಳಲ್ಲಿ ಟಂಕಿಸಿಯೇ ಇಲ್ಲ. ನೀರಿನ ಪರೀಕ್ಷೆಯಲ್ಲಿ 2.61ರ ಆಸುಪಾಸು ಬರಬೇಕು. ನಾಣ್ಯವನ್ನು ಓರೆಯಾಗಿ ಹಿಡಿದು ಮೇಲೊಂದು ಸಣ್ಣ ನಿಯೋಡಿಮಿಯಂ ಅಯಸ್ಕಾಂತ ಬಿಡಿ: ಬೆಳ್ಳಿಯ ಮೇಲೆ ಅದು ತಡೆದು ತಡೆದು ನಿಧಾನಕ್ಕೆ ಜಾರುತ್ತದೆ, ತಾಮ್ರ-ನಿಕಲ್ ಮೇಲೆ ಸರ್ರನೆ ಇಳಿಯುತ್ತದೆ, ಕಬ್ಬಿಣವಿದ್ದರೆ ಅಂಟಿಕೊಳ್ಳುತ್ತದೆ. ಬೆಳ್ಳಿಯ ಬೆಲೆಗಿಂತ ಕಡಿಮೆಗೆ ಕೊಡುತ್ತೇನೆ ಅನ್ನುವವರ ಹತ್ತಿರ ಇಷ್ಟೆಲ್ಲ ಪರೀಕ್ಷೆಯೂ ಬೇಡ.

ಪ್ರಶ್ನೆ (ಶಿವಮೊಗ್ಗ): ಕೊನೆಯದಾಗಿ, ನಾಣ್ಯ ಸ್ವಲ್ಪ ಮಂಕಾಗಿದೆ. ಹುಣಸೆಹಣ್ಣು ಹಾಕಿ ತೊಳೆಯಲೇ? ಆಮೇಲೆ ಅಮೆರಿಕದಲ್ಲಿರುವ ತಮ್ಮನಿಗೆ ಕಳಿಸಬಹುದೇ?

ಉತ್ತರ (ನಾಣ್ಯ ಪರೀಕ್ಷಕರು): ಎರಡೂ ಬೇಡ. ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಉಜ್ಜಿದರೆ ಬಯಲಿನ ಮೂಲ ಹೊಳಪು ಹೋಗಿ ಕೂದಲೆಳೆ ಗೀರು ಬೀಳುತ್ತದೆ, ಅದನ್ನು ವಾಪಸ್ ತರಲಾಗದು. ಜಿಡ್ಡಿದ್ದರೆ ಅಸಿಟೋನ್‌ನಲ್ಲಿ ಅದ್ದಿ, ಉಜ್ಜದೆ, ಹಾಗೇ ಒಣಗಲು ಬಿಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನೀರಿನ ಪರೀಕ್ಷೆ ಮಾಡಿ, ಬಿ.ಪಿ. ಮತ್ತು ಐ ಅಕ್ಷರದ ಹತ್ತಿರದ ಫೋಟೊ, ಪಕ್ಕದ ಅಂಚಿನದೂ ಒಂದು, ಇಲ್ಲಿ ಹಾಕಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.