ಸಹಾಯ ಬೇಕು: ಕೊಡಗಿನಲ್ಲಿ ನಮ್ಮಿಬ್ಬರಿಗೆ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಗಂಡಸರು, ಸಂಗಾತಿಗಳು. ನಿವೃತ್ತಿ ಆದಮೇಲೆ ಕೊಡಗಿನಲ್ಲಿ ನೆಲೆಸುವ ಆಸೆ. ಪಿಂಚಣಿ ಬರೋದು ಒಬ್ಬರಿಗೆ ಮಾತ್ರ, ಬಾಡಿಗೆ ಜಾಸ್ತಿ ಆಗಬಾರದು.

ಮಡಿಕೇರಿ ತುಂಬಾ ಇಷ್ಟ. ಆದರೆ ಮಳೆಗಾಲದಲ್ಲಿ ಅಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗಲ್ಲ, ಏರು ರಸ್ತೆ ಇವರ ಮಂಡಿಗೆ ಆಗಲ್ಲ. ಕುಶಾಲನಗರ ಸಮತಟ್ಟು, ಮಳೆ ಕಡಿಮೆ, ಮೈಸೂರಿನ ಆಸ್ಪತ್ರೆಗಳಿಗೂ ಹತ್ತಿರ. ಅದೇ ಸರಿ ಅನ್ನಿಸುತ್ತಿದೆ.

ದೊಡ್ಡ ಚಿಂತೆ ಬೇರೆ. ನಮ್ಮಂಥವರ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಮದುವೆಗೆ ಮಾತ್ರ 2023ರಲ್ಲೂ ಮಾನ್ಯತೆ ಸಿಗಲಿಲ್ಲ. ಹಾಗಾಗಿ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲೇಬೇಕು. ಅಣ್ಣತಮ್ಮ ಅಂತ ಸುಳ್ಳು ಹೇಳಿಕೊಂಡು ಇರೋದು ಈ ವಯಸ್ಸಲ್ಲಿ ಬೇಡ. ನಿಜ ತಿಳಿದೂ ಮನೆ ಕೊಡುವ ಓನರ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ವಿರಾಜಪೇಟೆ, ಗೋಣಿಕೊಪ್ಪ ಕಡೆ ನೆರೆಹೊರೆ ಹೇಗೆ?